ನಲವತ್ತೈದು ನಿಮಿಷ

ಮಾರ್ಚ್ ತಿಂಗಳ ಮೊದಲ ಭಾನುವಾರ ಎಲಿಸೆಯೊ ಮಾಯೆಸ್ತಾಸ್ ತನ್ನ ತಾಯಿ ಬೇಯಿಸಿದ ರೊಟ್ಟಿಯನ್ನು ಬೇಡವೆಂದ. ಅವನ ಐವತ್ತಮೂರು ವರ್ಷದ ಬಾಳಿನಲ್ಲಿ ಅದೇ ಮೊದಲು.

ಸಿಟ್ಟಿನಿಂದ ಹೇಳಿದ್ದಲ್ಲ. ತಟ್ಟೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ಸರಿಸಿ, ಮಗಳು ದೆಲ್ಫಿನಾ ಬೇಯಿಸಿಟ್ಟಿದ್ದ ಕೋಳಿ ಮಾಂಸವನ್ನೂ ಸಪ್ಪೆ ಕೆಂಪಕ್ಕಿ ಅನ್ನವನ್ನೂ ತನ್ನ ಕಡೆಗೆ ಎಳೆದುಕೊಂಡ. ಅವನ ತಾಯಿ ಸೊಫ್ರೋನಿಯಾ ಎಪ್ಪತ್ತೆಂಟರ ಮುದುಕಿ. ಒಲೆಯ ಮುಂದಿದ್ದವಳು ಸೌಟು ಹಿಡಿದುಕೊಂಡೇ ತಿರುಗಿದಳು.

"ಸೀದಿದೆಯೇನೋ?"

"ಇಲ್ಲಮ್ಮ. ಕೊಬ್ಬು ಜಾಸ್ತಿಯಂತೆ."

"ಯಾರು ಹೇಳಿದ್ದಂತೆ?"

"ನಾನೇ ಅಜ್ಜಿ," ಎಂದಳು ದೆಲ್ಫಿನಾ.

"ಇದೇ ಹಂದಿಕೊಬ್ಬು ತಿಂದು ನಿಮ್ಮಜ್ಜ ಕುರಿ ಹಿಂದೆ ದಿನಕ್ಕೆ ಹದಿನೈದು ಮೈಲಿ ನಡೀತಿದ್ದ ಕಣೇ. ಅವನಿಗ್ಯಾರೂ ತಕ್ಕಡೀಲಿ ತೂಗಿ ಬಡಿಸ್ಲಿಲ್ಲ."

"ಅಜ್ಜ ಐವತ್ತೆಂಟಕ್ಕೇ ಹೋದ್ರಲ್ಲ, ಅಜ್ಜಿ."

ಎಲಿಸೆಯೊನ ಹೆಂಡತಿ ಓರ್ಲಿಂದಾ ಗಂಡನ ಪಾಲಿನ ರೊಟ್ಟಿಯನ್ನು ತನ್ನ ತಟ್ಟೆಗೆ ಹಾಕಿಕೊಂಡು, ಕೆಂಪು ಮೆಣಸಿನಕಾಯಿ ಗೊಜ್ಜಿನಲ್ಲಿ ಅದ್ದಿ, ಹಸಿವಿಲ್ಲದಿದ್ದರೂ ಪೂರ್ತಿ ತಿಂದಳು. ಅತ್ತೆಯ ಮನಸ್ಸು ನೋಯಬಾರದೆಂಬುದೊಂದೇ ಅವಳಿಗಿದ್ದ ಯೋಚನೆ. ಮುದುಕಿ ಅದನ್ನು ಗಮನಿಸಿದಳೋ ಇಲ್ಲವೋ, ಒಲೆ ಆರಿಸಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇದೆಲ್ಲದರ ಮೂಲ ಮೇ ತಿಂಗಳಲ್ಲಿ ಬರಲಿದ್ದ ಒಂದು ಪರೀಕ್ಷೆ. ಸೆರಿತೋಸ್ ಊರಿನ ಗಂಡಸರು ಮೂರು ತಲೆಮಾರಿನಿಂದ ಕಾಡಿನ ಬೆಂಕಿ ಆರಿಸಲು ಹೋಗುವವರು. ಬೇಸಿಗೆ ಬಂತೆಂದರೆ ನ್ಯೂ ಮೆಕ್ಸಿಕೊದ ಈ ಬೆಟ್ಟದ ಊರಿನಿಂದ ಇಪ್ಪತ್ತು ಜನರ ತಂಡ ಐಡಾಹೊ, ಮೊಂಟಾನಾ, ಕ್ಯಾಲಿಫೋರ್ನಿಯಾ ಅಂತ ಹೊರಟುಬಿಡುತ್ತದೆ. ಹೋಗುವ ಮೊದಲು ಪ್ರತಿಯೊಬ್ಬನೂ ಬೆನ್ನ ಮೇಲೆ ನಲವತ್ತೈದು ಪೌಂಡಿನ ಹೊರೆ ಹೊತ್ತು ಮೂರು ಮೈಲಿ ನಡೆದು ತೋರಿಸಬೇಕು. ಓಡುವ ಹಾಗಿಲ್ಲ. ನಲವತ್ತೈದು ನಿಮಿಷದೊಳಗೆ ಮುಗಿಸಿದವನಿಗೆ ಕೆಲಸ, ಒಂದು ಸೆಕೆಂಡು ಮೇಲಾದವನು ಮನೆಗೆ. ಎಲಿಸೆಯೊ ಇಪ್ಪತ್ತಾರು ವರ್ಷ ಇದನ್ನು ದಾಟಿದ್ದ. ಹನ್ನೊಂದು ವರ್ಷದಿಂದ ಅವನೇ ತಂಡದ ಮುಖ್ಯಸ್ಥ. ಹೋದ ವರ್ಷ ಪರೀಕ್ಷೆ ಮುಗಿಸಿ ಬಂದವನು "ಆಯ್ತು" ಎಂದಷ್ಟೇ ಹೇಳಿ ಬೂಟು ಬಿಚ್ಚಿದ್ದ. ಅವನು ದಾಟಿದ್ದು ಗಡುವಿಗೆ ಏಳೇ ಸೆಕೆಂಡು ಉಳಿದಿದ್ದಾಗ ಎಂಬುದು ಓರ್ಲಿಂದಾಗೆ ಗೊತ್ತಾದದ್ದು ಇಗರ್ಜಿಯಲ್ಲಿ, ಇನ್ನೊಬ್ಬರ ಹೆಂಡತಿಯ ಬಾಯಿಂದ. ಅವಳು ಗಂಡನನ್ನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈ ವರ್ಷ ಮಗಳೂ ಪರೀಕ್ಷೆಗೆ ನಿಂತಿದ್ದಳು. ಇಪ್ಪತ್ತೆರಡರ ದೆಲ್ಫಿನಾ ಕೆಳಗಿನ ಪೇಟೆಯ ಕಾಲೇಜಿನಲ್ಲಿ ಎರಡು ವರ್ಷ ವ್ಯಾಯಾಮದ ವಿಷಯವನ್ನೇ ಓದಿ ಬಂದವಳು. ಅಪ್ಪನಿಗೆ ಉಸಿರು ಸಾಲುತ್ತಿಲ್ಲವೆಂಬುದು ಚಳಿಗಾಲದಲ್ಲಿ ಸೌದೆ ಹೊರುವಾಗಲೇ ಅವಳ ಕಣ್ಣಿಗೆ ಬಿದ್ದಿತ್ತು. ಫ್ರಿಜ್ಜಿನ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದಳು. ಯಾವ ಹೊತ್ತಿಗೆ ಎಷ್ಟು ಮಾಂಸ, ಎಷ್ಟು ಅನ್ನ, ನಡಿಗೆಗೆ ಮೊದಲು ಬೀಟ್‌ರೂಟಿನ ರಸ ಎಷ್ಟು, ನಡಿಗೆ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಪುಡಿ ಎಷ್ಟು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ಆದರೂ ಆ ಪಟ್ಟಿಯ ಮುಂದೆ ಹಾದುಹೋಗುವಾಗಲೆಲ್ಲ ಅದನ್ನೊಂದು ಸಲ ದುರುಗುಟ್ಟಿಕೊಂಡು ನೋಡುತ್ತಿದ್ದಳು.

ಹೀಗೆ ಒಂದು ಅಡುಗೆಮನೆ ಮೂರಾಯಿತು. ಬೆಳಗಿನ ಐದೂವರೆಗೆ ತಂದೆ ಮಗಳು ಎದ್ದು, ಮರಳು ತುಂಬಿದ ಚೀಲ ಹೊತ್ತು ಕಾಲುವೆಯ ದಾರಿಯಲ್ಲಿ ನಡೆದು ಬರುವರು. ಅವರು ತಿಂದು ಮುಗಿಸುವಷ್ಟರಲ್ಲಿ ಓರ್ಲಿಂದಾ ಕೆಲಸಕ್ಕೆ ಹೊರಟಿರುತ್ತಿದ್ದಳು. ಅವಳದು ಶಾಲೆಯ ಅಡುಗೆಮನೆಯ ಕೆಲಸ. ನೂರ ನಲವತ್ತು ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಮೂರು ಗಂಟೆಗೆ ಮನೆಗೆ ಬಂದರೆ ಅತ್ತೆ ತನ್ನ ಪಾಲಿನ ಕಾಳು ಬೇಯಿಸಿ ತಿಂದು ಮಲಗಿರುತ್ತಿದ್ದಳು. ಸಂಜೆ ಐದಕ್ಕೆ ತಂದೆ ಮಗಳು ಡಬ್ಬಿ ತೆರೆದು ನಿಂತಲ್ಲೇ ತಿನ್ನುವರು. ಏಳಕ್ಕೆ ಓರ್ಲಿಂದಾ ಒಬ್ಬಳೇ ಮೇಜಿಗೆ ಕೂರುವಳು. ನೂರ ನಲವತ್ತು ಜನ ಉಣ್ಣುವುದನ್ನು ದಿನವೂ ನೋಡುವವಳಿಗೆ ತನ್ನ ಮನೆಯ ಮೂವರು ಒಟ್ಟಿಗೆ ಉಣ್ಣುವುದನ್ನು ನೋಡುವ ಭಾಗ್ಯವಿಲ್ಲದೆ ಹೋಯಿತು.

ಒಮ್ಮೆ ಕೇಳಿದಳು ಕೂಡ. "ಭಾನುವಾರವಾದ್ರೂ ಎಲ್ಲ ಒಟ್ಟಿಗೆ ಕೂರೋಣ್ವಾ?"

"ಏಳು ಗಂಟೆಗೆ ತಿಂದ್ರೆ ಬೆಳಿಗ್ಗೆ ಕಾಲು ಭಾರ ಅಮ್ಮ," ಎಂದಳು ಮಗಳು. "ಮೇ ಆಗ್ಲಿ. ಆಮೇಲೆ ನೀನು ಹೇಳಿದ ಹಾಗೆ."

ಮೇ ಆದಮೇಲೆ ಇಬ್ಬರೂ ಮನೆಯಲ್ಲಿರುವುದಿಲ್ಲ ಎಂದು ಓರ್ಲಿಂದಾ ಹೇಳಲಿಲ್ಲ. ಎಲಿಸೆಯೊ ಬೀಟ್‌ರೂಟ್ ರಸದ ಲೋಟ ತೊಳೆಯುತ್ತಾ ತನ್ನ ನಾಡಿ ಎಷ್ಟಿತ್ತೆಂದು ಮಗಳಿಗೆ ಹೇಳುತ್ತಿದ್ದ. ಇತ್ತೀಚೆಗೆ ಇಬ್ಬರ ಮಾತೂ ಅದೇ. ಎರಡನೇ ಮೈಲಿ, ಮೊಣಕಾಲು, ನಾಡಿ, ಪುಡಿ. ಇಪ್ಪತ್ತೆರಡು ವರ್ಷದಲ್ಲಿ ಅಪ್ಪ ಮಗಳು ಅಷ್ಟು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಸಂತೋಷಪಡಬೇಕಾದ ಸಂಗತಿಯೇ. ಆದರೆ ಆ ಮಾತಿನೊಳಗೆ ಕಾಲಿಡಲು ಅವಳಿಗೆ ಜಾಗವಿರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದಾಗ ಅವಳಿಗೆ ತನ್ನ ಮನಸ್ಸು ಹೇಳುತ್ತಿದ್ದುದು ತಟ್ಟನೆ ಕೇಳಿಸಿತು. ಅವನು ಈ ಸಲ ದಾಟದಿರಲಿ.

ಕೈಯಲ್ಲಿದ್ದ ಅಂಗಿಯನ್ನು ಹಾಗೇ ಹಿಡಿದು ನಿಂತಳು. ಎಂಥ ಹೆಂಗಸು ನಾನು ಎನಿಸಿತು. ಆದರೆ ಮಾತು ಸುಳ್ಳಾಗಿರಲಿಲ್ಲ. ಇಪ್ಪತ್ತಾರು ಬೇಸಿಗೆ ಅವನಿಲ್ಲದೆ ಕಳೆದಿದ್ದಳು. ಅವಳ ಅಪ್ಪನನ್ನು ಮಣ್ಣು ಮಾಡಿದ್ದು ಒಂದು ಜುಲೈಯಲ್ಲಿ. ದೆಲ್ಫಿನಾ ಕೈ ಮುರಿದುಕೊಂಡದ್ದು ಇನ್ನೊಂದರಲ್ಲಿ. ಎರಡನೆಯ ಮಗು ಹೊಟ್ಟೆಯಲ್ಲೇ ಐದು ತಿಂಗಳಿಗೆ ಹೋದದ್ದು ಆಗಸ್ಟ್‌ನಲ್ಲಿ. ಅವನಿಗೆ ಸುದ್ದಿ ಮುಟ್ಟಿದ್ದು ನಾಲ್ಕು ದಿನದ ಮೇಲೆ, ಬಂದದ್ದು ಹದಿನೇಳು ದಿನದ ಮೇಲೆ. ಬಂದವನು ಮೈಯೆಲ್ಲ ಹೊಗೆ ನಾರುತ್ತಾ ಅವಳ ಪಕ್ಕದಲ್ಲಿ ಕೂತು, ಏನು ಹೇಳಬೇಕೆಂದು ತಿಳಿಯದೆ, ಮಾರನೆಯ ದಿನ ಬೇಲಿ ರಿಪೇರಿ ಮಾಡಿದ್ದ. ಅವಳೂ ಏನೂ ಹೇಳಿರಲಿಲ್ಲ. ಊಟಕ್ಕೆ ಕರೆದಿದ್ದಳು, ಅಷ್ಟೆ.

ಅದಾಗಿ ವಾರದೊಳಗೆ ಆ ಡಬ್ಬಿ ಸಿಕ್ಕಿತು. ಕೊಟ್ಟಿಗೆಯಲ್ಲಿ ಗರಗಸದ ಎಣ್ಣೆ ಹುಡುಕುತ್ತಿದ್ದಳು. ಎಣ್ಣೆ ಕ್ಯಾನುಗಳ ಹಿಂದೆ, ಮಿಂಚಿನ ಚಿತ್ರವಿದ್ದ ಕಪ್ಪು ಡಬ್ಬಿ. ಒಳಗೆ ನೀಲಿ ಪುಡಿ, ಅರ್ಧಕ್ಕಿಂತ ಹೆಚ್ಚು ಖಾಲಿ. ಮಗಳ ಪಟ್ಟಿಯಲ್ಲಿ ಇಂಥದ್ದು ಇರಲಿಲ್ಲ. ಕನ್ನಡಕ ಹಾಕಿಕೊಂಡು ಚೀಟಿ ಓದಿದಳು. ಒಂದು ಚಮಚದಲ್ಲಿ ನಾಲ್ಕು ಲೋಟ ಕಾಫಿಯಷ್ಟು ಬಲ. ದಿನಕ್ಕೆ ಒಂದಕ್ಕಿಂತ ಹೆಚ್ಚು ಬೇಡ. ರಕ್ತದೊತ್ತಡ ಇದ್ದವರಿಗೆ, ವಯಸ್ಸಾದವರಿಗೆ ಬೇಡವೇ ಬೇಡ.

ಈಚೆಗೆ ಕಾಫಿ ಲೋಟ ಹಿಡಿದಾಗ ಗಂಡನ ಕೈ ನಡುಗುವುದು, ಬೂಟಿನ ದಾರ ಕಟ್ಟಲು ಬಗ್ಗಿದವನು ಎದೆಯ ಮೇಲೆ ಕೈಯೂರಿ ಒಂದು ಕ್ಷಣ ನಿಲ್ಲುವುದು ಅವಳ ಗಮನಕ್ಕೆ ಬಂದಿತ್ತು. ಈಗ ಕಾರಣ ಗೊತ್ತಾಯಿತು. ಮಗಳಿಗೂ ಹೇಳದೆ ಕದ್ದು ಕುಡಿಯುತ್ತಿದ್ದಾನೆ.

ಅವಳು ಆ ಡಬ್ಬಿಯನ್ನು ಚೆಲ್ಲಬಹುದಿತ್ತು, ಮೇಜಿನ ಮೇಲೆ ತಂದಿಟ್ಟು ಕೇಳಬಹುದಿತ್ತು. ಎರಡೂ ಮಾಡಲಿಲ್ಲ. ಮುಚ್ಚಳದ ಮೇಲಿನ ಧೂಳನ್ನು ಅಡುಗೆಗೆಂದು ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ತುದಿಯಿಂದ ಒರೆಸಿ, ಇದ್ದ ಜಾಗದಲ್ಲೇ ಇಟ್ಟಳು. ಇದರಿಂದ ಅವನಿಗೇನೂ ಆಗುವುದಿಲ್ಲ, ಬೇಗ ದಣಿದು ಸ್ವಲ್ಪ ತಡವಾಗುತ್ತದೆ, ಅಷ್ಟೇ ಎಂದುಕೊಂಡಳು. ನಂಬಲಿಲ್ಲ. ಆದರೂ ಅಂದುಕೊಂಡಳು.

ಮೇ ತಿಂಗಳ ಎರಡನೇ ಶನಿವಾರ ಪೇಟೆಯ ಶಾಲೆಯ ಓಟದ ಮೈದಾನದಲ್ಲಿ ಪರೀಕ್ಷೆ. ಹನ್ನೆರಡು ಸುತ್ತು. ಗಡಿಯಾರ ಹಿಡಿದವನು ಬರ್ನಾಬೆ. ಒಂದು ಕಾಲಕ್ಕೆ ಎಲಿಸೆಯೊನ ಜೊತೆಗೇ ಬೆಂಕಿಗೆ ಹೋಗುತ್ತಿದ್ದವನು, ಈಗ ಕಚೇರಿಯಲ್ಲಿ ಕೂತವನು. ಮೊದಲಿಗೆ ಪ್ರತಿಯೊಬ್ಬರೂ ಆರೋಗ್ಯದ ಹಾಳೆ ತುಂಬಬೇಕು. ಎದೆ ಬಡಿತ ಏರುಪೇರಾಗುತ್ತದೆಯೇ ಎಂಬ ಪ್ರಶ್ನೆಗೆ ಎಲಿಸೆಯೊ ಇಲ್ಲವೆಂದು ಗುರುತು ಹಾಕಿದ್ದನ್ನು ಓರ್ಲಿಂದಾ ಅವನ ಭುಜದ ಹಿಂದಿನಿಂದ ನೋಡಿದಳು.

ದೆಲ್ಫಿನಾ ಹೊರೆಯಿಲ್ಲದೆ ಕಾಲು ಗಂಟೆ ನಡೆದು, ಬೇಲಿ ಹಿಡಿದು ಕಾಲು ಬೀಸಿ, ಮೈ ಬಿಸಿ ಮಾಡಿಕೊಂಡಳು. ಅಪ್ಪನನ್ನು ಕರೆದಳು. ಅವನು ಟ್ರಕ್ಕಿನಲ್ಲಿ ಕೂತು ಬಾಟಲಿಯಿಂದ ಏನೋ ಕುಡಿಯುತ್ತಿದ್ದ. ಬರುವುದಿಲ್ಲವೆಂದು ಕೈಯಾಡಿಸಿದ.

ಸೀಟಿ ಊದಿದ ಮೇಲೆ ಮೊದಲ ನಾಲ್ಕು ಸುತ್ತು ಅವನು ಬಾಣದಂತೆ ನಡೆದ. ಇಪ್ಪತ್ತರ ಹುಡುಗರನ್ನೆಲ್ಲ ಹಿಂದೆ ಹಾಕಿದ. ಹುಡುಗರು ನಗುತ್ತಾ "ಮುದುಕನಿಗೆ ಬಾಲಕ್ಕೆ ಬೆಂಕಿ ಹತ್ತಿದೆ ಕಣ್ರೋ" ಎಂದರು. ಐದನೆಯ ಸುತ್ತಿನಲ್ಲಿ ಮುಖ ಬೂದಿಯಾಯಿತು. ಏಳನೆಯದರಲ್ಲಿ ಒಬ್ಬೊಬ್ಬರೇ ಅವನನ್ನು ದಾಟಿ ಹೋದರು. ಒಂಬತ್ತನೆಯದರಲ್ಲಿ ಅವನು ಮೈದಾನದ ಅಂಚಿಗೆ ಸರಿದು ಮೊಣಕಾಲೂರಿದ. ನರ್ಸ್ ಓಡಿಹೋಗಿ ಮಣಿಕಟ್ಟು ಹಿಡಿದಳು. ಓರ್ಲಿಂದಾ ಬೇಲಿಯ ಈಚೆ ನಿಂತಿದ್ದಳು. ಎದೆ ಹಿಡಿದು ಬಗ್ಗಿದ್ದ ಆ ಬೆನ್ನನ್ನು ನೋಡಿ ಅವಳು ದೇವರ ಹತ್ತಿರ ತನ್ನ ಬೇಡಿಕೆಯನ್ನು ವಾಪಸು ಕೇಳಿದಳು. ನರ್ಸ್ ಬೇಡವೆಂದರೂ ಅವನು ಎದ್ದ. ಹೊರೆ ಬಿಚ್ಚದೆ ಉಳಿದ ಸುತ್ತನ್ನು ನಡೆದು ಮುಗಿಸಿದ. ನಲವತ್ತೊಂಬತ್ತು ನಿಮಿಷ ಚಿಲ್ಲರೆ. ದೆಲ್ಫಿನಾ ನಲವತ್ತೊಂದರಲ್ಲಿ ಮುಗಿಸಿ, ಯಾರ ಶಹಭಾಸ್‌ಗಿರಿಗೂ ನಿಲ್ಲದೆ ಅಪ್ಪನ ಕಡೆಗೆ ಓಡಿದ್ದಳು.

ಇನ್ನೊಂದೇ ಅವಕಾಶ, ಮೂರು ವಾರದ ಮೇಲೆ, ಅದೂ ಡಾಕ್ಟರು ಬರೆದುಕೊಟ್ಟರೆ ಎಂದ ಬರ್ನಾಬೆ. ಹೇಳುವಾಗ ಗೆಳೆಯನ ಮುಖ ನೋಡಲಿಲ್ಲ.

ಡಾಕ್ಟರು ಎದೆಗೆ ತಂತಿ ಅಂಟಿಸಿ ಎರಡು ಗಂಟೆ ಪರೀಕ್ಷೆ ಮಾಡಿ, ಅವನ ಬಾಯಿಂದಲೇ ಪುಡಿಯ ವಿಷಯ ತಿಳಿದುಕೊಂಡು, ಹೃದಯ ಚೆನ್ನಾಗಿದೆ, ಆ ಪುಡಿ ಮಾತ್ರ ಇನ್ನು ಮುಟ್ಟಬೇಡ ಎಂದರು. ದೆಲ್ಫಿನಾ ಡಬ್ಬಿಯನ್ನು ಹುಡುಕಿ ತೆಗೆದು ಅಂಗಳದಲ್ಲಿ ಬರಿದು ಮಾಡಿದಳು. ಖಾಲಿ ಡಬ್ಬಿ ಹಿಡಿದು ಅಡುಗೆಮನೆಗೆ ಬಂದು, ಮುಚ್ಚಳವನ್ನು ತಾಯಿಯ ಮುಂದಿಟ್ಟಳು. ಎಲಿಸೆಯೊ ಒಳಕೋಣೆಯಲ್ಲಿ ಮಲಗಿದ್ದ.

"ಎಣ್ಣೆ ಕ್ಯಾನು ಪೂರ್ತಿ ಧೂಳು. ಇದರ ಮುಚ್ಚಳ ಮಾತ್ರ ಸ್ವಚ್ಛ ಒರೆಸಿದೆ. ಅಪ್ಪ ಯಾವತ್ತಾದ್ರೂ ಏನಾದ್ರೂ ಒರೆಸ್ತಾರಾ? ನಿನಗೆ ಗೊತ್ತಿತ್ತಾ ಅಮ್ಮ?"

"ಗೊತ್ತಿತ್ತು."

"ಯಾವಾಗಿಂದ?"

"ತಿಂಗಳಾಯ್ತು."

"ನನಗಾದ್ರೂ ಹೇಳ್ಬೇಕಿತ್ತಲ್ವಾ?"

"ಹೇಳ್ಬೇಕಿತ್ತು."

ಮಗಳು ಬಹಳ ಹೊತ್ತು ತಾಯಿಯ ಮುಖವನ್ನೇ ನೋಡಿದಳು. ಓರ್ಲಿಂದಾ ಕಣ್ಣು ತಪ್ಪಿಸಲಿಲ್ಲ. ದೆಲ್ಫಿನಾಗೆ ಅರ್ಥವಾಯಿತೆಂದು ಅವಳಿಗೂ ತಿಳಿಯಿತು. ಮೂರು ದಿನ ಮಗಳು ಅವಳೊಡನೆ ಮಾತಾಡಲಿಲ್ಲ. ಮೇಜಿನ ಮೇಲೆ ಅನ್ನದ ಪಾತ್ರೆ ಬೇಕಾದರೆ ಅಜ್ಜಿಯ ಕಡೆ ತಿರುಗಿ ಕೇಳುತ್ತಿದ್ದಳು.

ನಾಲ್ಕನೆಯ ದಿನ ಅವಳು ತರಬೇತಿಗೆ ಹೊರಡಬೇಕಿತ್ತು. ಹೊಸಬರಿಗೆಲ್ಲ ಉತ್ತರದ ಒಂದು ಶಿಬಿರದಲ್ಲಿ ಎರಡು ವಾರ. ಚೀಲ ಬಾಗಿಲಲ್ಲಿಟ್ಟು, ಫ್ರಿಜ್ಜಿನ ಮೇಲಿನ ಹಳೆಯ ಪಟ್ಟಿ ಕಿತ್ತು, ಹೊಸದೊಂದು ಹಾಳೆಯನ್ನು ತಾಯಿಯ ಕೈಗೆ ಕೊಟ್ಟಳು.

"ಅಪ್ಪ ಒಬ್ಬರೇ ಆದ್ರೆ ಮೈ ಬಿಸಿ ಮಾಡ್ಕೊಳ್ದೇ ಹೊರಟುಬಿಡ್ತಾರೆ. ಮೊದಲ ಮೈಲಿ ಓಡ್ತಾರೆ, ಆಮೇಲೆ ಸಾಯ್ತಾರೆ. ಯಾರಾದ್ರೂ ಜೊತೆಗಿರ್ಬೇಕು. ನಾನಿರಲ್ಲ. ನೀನೇ ಮಾಡಿಸ್ಬೇಕು." ಚೀಲ ಹೆಗಲಿಗೇರಿಸಿ ಕೇಳಿದಳು, "ನಿಜವಾಗ್ಲೂ ಮಾಡಿಸ್ತೀಯಾ?"

ಆ "ನಿಜವಾಗ್ಲೂ" ಓರ್ಲಿಂದಾಗೆ ಚುಚ್ಚಿತು. ಹಾಳೆ ಮಡಚಿ ಜೇಬಿಗಿಟ್ಟುಕೊಂಡು "ಮಾಡಿಸ್ತೀನಿ, ಹೋಗು" ಎಂದಳು.

ಹಾಳೆಯಲ್ಲಿ ಬರೆದದ್ದು ಹೆಚ್ಚೇನಿರಲಿಲ್ಲ. ಪುಡಿ ಬೇಡ. ಒಂದೇ ಲೋಟ ಕಾಫಿ. ಹಿಂದಿನ ದಿನ ಹೊಟ್ಟೆ ತುಂಬ ಊಟ, ಕಾಳು ಮಾತ್ರ ಬೇಡ. ನಡಿಗೆಗೆ ಎರಡು ಗಂಟೆ ಮೊದಲು ನೀಲಿ ಮೆಕ್ಕೆಜೋಳದ ಅಂಬಲಿ, ಜೇನು ಹಾಕಿ. ಇದನ್ನು ಓದಿ ಹೇಳಿದಾಗ ಸೊಫ್ರೋನಿಯಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಎರಡು ವರ್ಷ ಕಾಲೇಜಲ್ಲಿ ಓದಿ ಕಂಡುಹಿಡಿದದ್ದು ಅಂಬಲೀನಾ? ನನ್ನನ್ನ ಕೇಳಿದ್ರೆ ಒಂದು ನಿಮಿಷದಲ್ಲಿ ಹೇಳ್ತಿದ್ದೆ."

ಮರುದಿನದಿಂದ ಮುದುಕಿಯೇ ನಾಲ್ಕಕ್ಕೆ ಎದ್ದು ಅಂಬಲಿ ಕಾಯಿಸಿದಳು. ಮಗ ಕುಡಿಯುವವರೆಗೆ ಎದುರಿಗೇ ನಿಂತಿರುವಳು. ಅವನು ಬಟ್ಟಲು ಕೆಳಗಿಟ್ಟ ಮೇಲೆ ಒಳಗೆ ಇಣುಕಿ ನೋಡಿ, ತಳ ಕಂಡರೆ ಮಾತ್ರ ಹೋಗಿ ಮಲಗುವಳು.

ಶಾಲೆಗೆ ರಜೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಗಂಡ ಹೆಂಡತಿ ಕಾಲುವೆಯ ದಾರಿಗಿಳಿದರು. ಮೊದಲ ಕಾಲು ಗಂಟೆ ಹೊರೆಯಿಲ್ಲದೆ ಮೆಲ್ಲಗೆ ನಡೆಯಬೇಕು, ಬೆವರು ಹಣೆಗೆ ಬರುವ ತನಕ. ಆಮೇಲೆ ಕಾಲು ಬೀಸುವುದು, ಹಿಮ್ಮಡಿ ಎತ್ತುವುದು. ಎಲಿಸೆಯೊಗೆ ನಾಚಿಕೆ. ಯಾರದಾದರೂ ಗಾಡಿ ಬಂದರೆ ಕಾಲು ಬೀಸುವುದನ್ನು ನಿಲ್ಲಿಸಿ, ಬೇಲಿ ಪರೀಕ್ಷಿಸುವವನಂತೆ ನಟಿಸುತ್ತಿದ್ದ. "ಬೀಸು, ಬೀಸು. ನಿನ್ನ ಕಾಲು ನೋಡೋಕೆ ಯಾರೂ ಟಿಕೆಟ್ ತಗೊಂಡಿಲ್ಲ" ಎಂದು ಓರ್ಲಿಂದಾ ಗದರುವಳು. ಅವನು ನಕ್ಕ. ಆ ನಗು ಕೇಳಿ ಎಷ್ಟು ಕಾಲವಾಗಿತ್ತೆಂದು ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟಳು.

ಹೊರೆ ಹಾಕಿಕೊಂಡ ಮೇಲೆ ಮೊದಲ ಮೈಲಿ ಅವಳೂ ಪಕ್ಕದಲ್ಲೇ ನಡೆಯುತ್ತಿದ್ದಳು. ಅವನು ಬೇಗ ಹೆಜ್ಜೆ ಹಾಕಿದರೆ ತೋಳು ಹಿಡಿದು ತಡೆಯುವಳು. ಅಲ್ಲಿಂದ ಮುಂದೆ ಅವನು ಒಬ್ಬನೇ. ಅವಳು ಕಾಲುವೆಯ ಕಲ್ಲಿನ ಮೇಲೆ ಗಡಿಯಾರ ಹಿಡಿದು ಕೂತಿರುವಳು. ಹಾಗೆ ಜೊತೆಗೆ ನಡೆಯುವಾಗ ಅವನು ಒಂದೊಂದೇ ಮಾತು ಆಡತೊಡಗಿದ. ಬೆಂಕಿಯ ಶಿಬಿರದಲ್ಲಿ ಸಂಜೆ ಹೊತ್ತು ಕೆಟ್ಟದು ಎಂದ. ಕೆಲಸ ಇರುವಾಗ ಏನೂ ಅನ್ನಿಸುವುದಿಲ್ಲ, ಕೆಲಸ ಮುಗಿದು ಇಪ್ಪತ್ತು ಜನ ಸಾಲಾಗಿ ಕೂತು ತಿನ್ನುವಾಗ ಪ್ರತಿಯೊಬ್ಬನೂ ತನ್ನ ಬೂಟನ್ನೇ ನೋಡುತ್ತಿರುತ್ತಾನೆ ಎಂದ. ಆ ಆಗಸ್ಟ್‌ನಲ್ಲಿ ಸುದ್ದಿ ಬಂದಾಗ ತಾನು ಹೊಳೆಯ ದಂಡೆಗೆ ಹೋಗಿ ಮಧ್ಯಾಹ್ನವೆಲ್ಲ ಕೊಡಲಿ ಮಸೆದೆ ಎಂದ. ಹದಿನಾಲ್ಕು ವರ್ಷದ ಮೇಲೆ ಅವಳು ಕೇಳಿದ ಮೊದಲ ಮಾತದು. ಅವಳು ನಡೆಯುತ್ತಲೇ ಇದ್ದಳು. ಮೈಲಿ ಮುಗಿಯುವ ಕಲ್ಲು ಬಂತು, ಅವನು ಮುಂದೆ ಹೋದ.

ನಲವತ್ತಾರು ನಿಮಿಷ ಹತ್ತು ಸೆಕೆಂಡು. ಮೂರು ದಿನದ ಮೇಲೆ ನಲವತ್ತೈದೂವರೆ. ಆಮೇಲೆ ಒಂದು ಬುಧವಾರ ಗಡಿಯಾರ ಒತ್ತಿದಾಗ ನಲವತ್ತನಾಲ್ಕು ಐವತ್ತೆರಡು. ಬಗ್ಗಿ ಮೊಣಕಾಲು ಹಿಡಿದುಕೊಂಡು ಅವನು "ಎಷ್ಟು?" ಎಂದು ಕೇಳಿದ. ಅವಳು ಬೇರೆ ಅಂಕಿ ಹೇಳಬಹುದಿತ್ತು. ಅವನ ಎದೆಗುಂದಿಸಲು ಅರ್ಧ ನಿಮಿಷ ಸಾಕಿತ್ತು. ಗಡಿಯಾರವನ್ನೇ ಅವನ ಕಣ್ಣ ಮುಂದೆ ಹಿಡಿದಳು. ಅವನು ಎರಡು ಸಲ ಓದಿ, ಹೊರೆಯ ಸಮೇತ ಅವಳನ್ನು ತಬ್ಬಿಕೊಂಡ. ಮರಳಿನ ಚೀಲದ ಪಟ್ಟಿ ಅವಳ ಕೆನ್ನೆಗೆ ಒತ್ತಿತು. ಮದುವೆಯಾದ ಮೇಲೆ ಇಷ್ಟು ದಿನ ಒಟ್ಟಿಗೆ ನಡೆದು ಬೆಳಗು ಕಂಡದ್ದು ಇದೇ ಮೊದಲು. ಅವನನ್ನು ಮನೆಯಿಂದ ಕಳಿಸಲಿಕ್ಕೆ ಅವಳು ಈ ಬೆಳಗುಗಳನ್ನು ಖರ್ಚು ಮಾಡುತ್ತಿದ್ದಳು.

ಜೂನ್‌ನ ಮೊದಲ ಶನಿವಾರ ಮೈದಾನದಲ್ಲಿ ಆರೇ ಜನ, ಎಲ್ಲ ಹೋದ ಸಲ ದಾಟದೆ ಉಳಿದವರು. ಎಲಿಸೆಯೊ ಕಾಲು ಗಂಟೆ ನಡೆದ. ಎಲ್ಲರೆದುರಿಗೇ ಬೇಲಿ ಹಿಡಿದು ಕಾಲು ಬೀಸಿದ. ಹುಡುಗನೊಬ್ಬ ಏನೋ ಅಂದದ್ದಕ್ಕೆ ತಲೆಯೆತ್ತಲಿಲ್ಲ. ಸೀಟಿ ಊದಿದ ಮೇಲೆ ಮೊದಲ ಸುತ್ತಿನಲ್ಲಿ ಅವನು ಕೊನೆಯವನು. ಓರ್ಲಿಂದಾ ಬೇಲಿಯ ಪಕ್ಕ ನಿಂತು ಪ್ರತಿ ಸುತ್ತಿಗೂ ಸೆಕೆಂಡು ಕೂಗಿ ಹೇಳಿದಳು. ಆರನೆಯದರಲ್ಲಿ ನಾಲ್ಕನೆಯವನಾದ. ಒಂಬತ್ತನೆಯದರಲ್ಲಿ ಹೋದ ಸಲ ಮೊಣಕಾಲೂರಿದ್ದ ಜಾಗ ದಾಟುವಾಗ ಅವಳು ಕೂಗುವುದನ್ನು ಮರೆತಳು. ಕೊನೆಯ ಸುತ್ತಿನಲ್ಲಿ ಅವನ ಬೂಟಿನ ಸದ್ದು ಒಂದೇ ತಾಳದಲ್ಲಿ ಬಂತು. ನಲವತ್ತನಾಲ್ಕು ನಿಮಿಷ ಇಪ್ಪತ್ತಾರು ಸೆಕೆಂಡು. ಬರ್ನಾಬೆ ಅಂಕಿ ಬರೆದು, ಗಡಿಯಾರ ಕೆಳಗಿಟ್ಟು, ಗೆಳೆಯನ ಹೊರೆಯನ್ನು ತಾನೇ ಬಿಚ್ಚಿದ.

ಮನೆಗೆ ಬರುವ ದಾರಿಯಲ್ಲಿ ಟ್ರಕ್ಕು ಓಡಿಸಿದ್ದು ಓರ್ಲಿಂದಾ. ಬೆಟ್ಟದ ತಿರುವು ಹತ್ತಿದ ಮೇಲೆ ಅವಳು ದಾರಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಆ ಡಬ್ಬಿ ನಾನು ಏಪ್ರಿಲ್‌ನಲ್ಲೇ ನೋಡಿದ್ದೆ. ನೀನು ದಾಟ್ಬಾರ್ದು ಅಂತಿತ್ತು ನನಗೆ. ಅದಕ್ಕೇ ಸುಮ್ನಿದ್ದೆ."

"ಗೊತ್ತು."

"ದೆಲ್ಫಿನಾ ಹೇಳಿದ್ಲಾ?"

"ಇಲ್ಲ. ಒಂದು ದಿನ ಹೋಗಿ ನೋಡ್ತೀನಿ, ಮುಚ್ಚಳ ಒರೆಸಿತ್ತು. ನಿನ್ನ ಕೈನೇ ಅಂತ ಗೊತ್ತಾಯ್ತು." ಅವನು ಕಿಟಕಿಯ ಗಾಜು ಇಳಿಸಿದ. "ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ ಕಾದೆ. ಆಮೇಲಾಮೇಲೆ ಎರಡೆರಡು ಚಮಚ ಹಾಕ್ಕೊಂಡೆ."

ಓರ್ಲಿಂದಾ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿದಳು. ಎಂಜಿನು ಆರಿಸಿದಳು.

"ನಾನು ಕೇಳಿದ್ರೆ ಬಿಡ್ತಿದ್ಯಾ? ಹೋಗ್ಬೇಡ ಅಂದಿದ್ರೆ ಉಳೀತಿದ್ಯಾ?"

ಎಲಿಸೆಯೊ ಯೋಚಿಸಿದ. ಈ ಸಲ ಅವನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ಉಳೀತಿರ್ಲಿಲ್ಲ," ಎಂದ. "ಆದ್ರೆ ನೀನು ಒಂದು ಸಲ ಅಂದಿದ್ರೆ ಚೆನ್ನಾಗಿತ್ತು. ಇಪ್ಪತ್ತಾರು ವರ್ಷ, ನಾನು ಹೊರಡೋವಾಗೆಲ್ಲ ನೀನು ಬಾಗಿಲಲ್ಲಿ ನಿಂತ್ಕೊಂಡು 'ಊಟ ಆಯ್ತಾ' ಅಂತಷ್ಟೇ ಕೇಳ್ತಿದ್ದೆ. ಇವಳಿಗೆ ನಾನಿದ್ರೂ ಒಂದೇ ಇಲ್ದಿದ್ರೂ ಒಂದೇ ಅಂತ ತಿಳ್ಕೊಂಡಿದ್ದೆ."

ಅವಳಿಗೆ ಅಳು ಬರಲಿಲ್ಲ. ಹೇಳಬೇಕಾದ ಮಾತು ಗಂಟಲಿಗೆ ಬಂದಿತ್ತು, ಆದರೆ ಅಷ್ಟು ವರ್ಷ ಹೊರಬರದ ಮಾತಿಗೆ ಆ ರಸ್ತೆಯ ಬದಿಯಲ್ಲಿ ದಾರಿ ಸಿಗಲಿಲ್ಲ. ಹಿಂದಿನಿಂದ ಮರದ ದಿಮ್ಮಿ ಹೊತ್ತ ಲಾರಿಯೊಂದು ಹಾರನ್ನು ಹಾಕಿ ದಾಟಿ ಹೋಯಿತು. ಅವಳು ಎಂಜಿನು ಚಾಲೂ ಮಾಡಿದಳು.

ಮಂಗಳವಾರ ತಂಡ ಹೊರಟಿತು. ದೆಲ್ಫಿನಾ ಶಿಬಿರದಿಂದ ನೇರವಾಗಿ ಬಂದು ಬಸ್ಸು ಹತ್ತಿದಳು. ಹತ್ತುವ ಮೊದಲು ತಾಯಿಯ ಹತ್ತಿರ ಬಂದು ಹೆಗಲಿಗೆ ಹಣೆ ತಾಗಿಸಿ "ನೀನು ಮಾಡಿಸ್ದೆ ಅಮ್ಮ" ಎಂದಳು. ಅಷ್ಟೇ. ಬಸ್ಸು ಹೋದ ಮೇಲೆ ಬಂದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಗಾಡಿಗಳ ಕಡೆಗೆ ಚದುರಿದರು. ಯಾರೂ ಯಾರನ್ನೂ ಮನೆಗೆ ಕರೆಯಲಿಲ್ಲ.

ಜೂನ್ ಕಳೆಯಿತು. ಮನೆಯಲ್ಲಿ ಇಬ್ಬರು ಹೆಂಗಸರು. ಊಟ ಈಗ ಒಂದೇ ಹೊತ್ತಿಗೆ, ಒಂದೇ ಮೇಜಿನಲ್ಲಿ, ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಸೊಫ್ರೋನಿಯಾಗೆ ಈಚೆಗೆ ಕಿವಿ ತುಸು ಮಂದ, ಓರ್ಲಿಂದಾಗೆ ಕೂಗಿ ಹೇಳುವಂಥ ಸಂಗತಿ ಇರುತ್ತಿರಲಿಲ್ಲ. ಮಧ್ಯಾಹ್ನಗಳು ಮುಗಿಯುತ್ತಿರಲಿಲ್ಲ. ಕಪಾಟುಗಳನ್ನೆಲ್ಲ ಒರೆಸಿದಳು. ತೋಟದ ಮೆಣಸಿನ ಸಾಲಿಗೆ ದಿನಕ್ಕೆ ಎರಡು ಸಲ ನೀರು ಬಿಟ್ಟಳು.

ಜುಲೈಯ ಮೊದಲ ವಾರ ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಗ ಮುದುಕಿ ತನ್ನಷ್ಟಕ್ಕೆ ಮಾತು ತೆಗೆದಳು.

"ನನ್ನವನು ಕುರಿ ಜೊತೆ ವಯೋಮಿಂಗ್‌ಗೆ ಹೋದ್ರೆ ಐದು ತಿಂಗಳು. ಆಗ ನಾನು ಒಲೆ ಹತ್ರ ಮಾತಾಡ್ತಿದ್ದೆ. ಬೈತಿದ್ದೆ, ಅಳ್ತಿದ್ದೆ. ಎಲ್ಲ ಅದಕ್ಕೇ ಹೇಳ್ಕೊಂಡು ಮುಗಿಸಿಬಿಡ್ತಿದ್ದೆ. ಅವನು ಬರೋ ಹೊತ್ತಿಗೆ ಹೇಳೋಕೆ ಏನೂ ಉಳೀತಿರ್ಲಿಲ್ಲ."

"ಅವರು ಕೇಳ್ತಿರ್ಲಿಲ್ವಾ ಅತ್ತೆ?"

"ಅವನು ಕೇಳೋ ಪೈಕಿಯವನಲ್ಲ. ನಾನೂ ಹೇಳೋ ಪೈಕಿಯವಳಲ್ಲ. ಹಂಗೇ ಹೋದ." ಸೊಫ್ರೋನಿಯಾ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. "ಒಲೆ ಯಾರಿಗೂ ತಲುಪಿಸಲ್ಲ ಕಣೇ."

ಓರ್ಲಿಂದಾ ಬಟ್ಟಲು ಕೆಳಗಿಟ್ಟು ಎದ್ದಳು. ಫೋನು ಹಿಡಿದು, ಅಂಗಳ ದಾಟಿ, ಊರಿನಲ್ಲಿ ಸಿಗ್ನಲ್ ಸಿಗುವ ಒಂದೇ ಜಾಗವಾದ ಇಗರ್ಜಿಯ ದಿಣ್ಣೆ ಹತ್ತಿದಳು. ಗಾಳಿ ಜೋರಾಗಿತ್ತು. ಎಲಿಸೆಯೊನ ನಂಬರು ಒತ್ತಿದಳು. ಅವನು ಐಡಾಹೊದ ಯಾವ ಕಣಿವೆಯಲ್ಲಿದ್ದನೋ, ಫೋನು ರಿಂಗಾಗಲೇ ಇಲ್ಲ. ಹೇಳುವುದಿದ್ದರೆ ಹೇಳಿ ಎಂದು ಯಂತ್ರದ ದನಿ ಬಂತು.

ಅವಳಿಗೆ ಮೊದಲು ಬಾಯಿಗೆ ಬಂದದ್ದು "ಊಟ ಆಯ್ತಾ" ಎಂಬುದೇ. ಅದನ್ನು ನುಂಗಿಕೊಂಡಳು.

"ನಾನು ಕಣೋ," ಎಂದಳು. "ನೀನಿಲ್ದೆ ನನಗಿಲ್ಲಿ ಆಗ್ತಿಲ್ಲ. ಯಾವ ವರ್ಷವೂ ಆಗಿಲ್ಲ."

ಒಮ್ಮೆ ಶುರುವಾದದ್ದು ನಿಲ್ಲಲಿಲ್ಲ. ಅಪ್ಪನ ಸಾವಿನ ದಿನ ಇಗರ್ಜಿಯಲ್ಲಿ ತನ್ನ ಪಕ್ಕದ ಜಾಗ ಖಾಲಿಯಿದ್ದದ್ದು ಹೇಳಿದಳು. ಕೈ ಮುರಿದ ಮಗಳನ್ನು ಹೊತ್ತು ಪೇಟೆಯವರೆಗೆ ಹೋದದ್ದು ಹೇಳಿದಳು. ಆಗಸ್ಟ್‌ನ ಆ ಮಗುವಿಗೆ ತಾನು ಮನಸ್ಸಿನಲ್ಲೇ ಒಂದು ಹೆಸರಿಟ್ಟಿದ್ದೆನೆಂದು ಹೇಳಿ, ಆ ಹೆಸರು ಹೇಳುವಷ್ಟರಲ್ಲಿ ಯಂತ್ರ ಪೀಂಯೆಂದು ಕತ್ತರಿಸಿತು.

ಓರ್ಲಿಂದಾ ಫೋನನ್ನು ನೋಡಿದಳು. ದಿಣ್ಣೆಯ ಮೇಲೆ ಗಾಳಿಗೆ ಬೆನ್ನು ಮಾಡಿ ಕೂತು, ಮತ್ತೆ ಅದೇ ನಂಬರು ಒತ್ತಿದಳು.